ಮಾವನವರು ಕಂಪ್ಯೂಟರಿಗೆ ಸ್ನಾನ ಮಾಡಿಸಿದ್ದು

ನಮ್ಮ ಮಾವನವರಿಗೆ ಕಂಪ್ಯೂಟರ್ ಎಂದರೆ ಹೆದರಿಕೆಯೇನೂ ಇರಲಿಲ್ಲ, ಅಸಹ್ಯವಿತ್ತು. ಮುಳಬಾಗಿಲಿನಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಮಾವನವರದು ಪೌರೋಹಿತ್ಯ, ಜೊತೆಗೆ ಜಾತಕ ಬರೆದುಕೊಡುವ ಕೆಲಸ. ನಾನು ಸೊಸೆಯಾಗಿ ಬಂದ ಮೇಲೆ ನಡುಮನೆಯ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಪತ್ರಿಕೆ, ಅರ್ಜಿ, ಕಾಲೇಜಿನವರ ಪ್ರಾಜೆಕ್ಟು ಎಲ್ಲ ಟೈಪ್ ಮಾಡಿಕೊಡುತ್ತಿದ್ದೆ. ಊರಿನವರೆಲ್ಲ ಬಂದು ಕೂರುವ ಕುರ್ಚಿ, ಊರಿನವರೆಲ್ಲ ಮುಟ್ಟುವ ಕೀಬೋರ್ಡು. ಮಾವನವರು ಆ ಕೋಣೆಯ ಮುಂದೆ ಹಾದುಹೋಗುವಾಗ ಪಂಚೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿಕೊಂಡೇ ಹೋಗುತ್ತಿದ್ದರು.

ನನಗೆ ಕೋಪ ಮೂಗಿನ ತುದಿಯಲ್ಲೇ. ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯ ಲೆಕ್ಕ ಬರೆಯುತ್ತಿದ್ದವರ ಮಗಳು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪನ ಹತ್ತಿರ ಜಗಳ ಆಡಿ, ಊಟ ಬಿಟ್ಟು, ಕಂಪ್ಯೂಟರ್ ಕೋರ್ಸಿಗೆ ಸೇರಿಕೊಂಡವಳು. ಅಂಥವಳ ಮುಂದೆ ಪಂಚೆ ಎತ್ತಿಕೊಂಡು ಓಡಾಡಿದರೆ ಸುಮ್ಮನಿರುತ್ತೇನೆಯೇ? ಒಂದು ದಿನ ಕೇಳಿಯೇಬಿಟ್ಟೆ. "ಮಾವ, ಇಲ್ಲೇನು ಹೇಸಿಗೆ ಬಿದ್ದಿದೆಯಾ?" ಅಡುಗೆಮನೆಯಿಂದ ಅತ್ತೆ ಕಿಸಕ್ಕನೆ ನಕ್ಕರು. ಮಾವ ಪಂಚೆ ಇಳಿಸದೆಯೇ ಮುಂದಕ್ಕೆ ನಡೆದರು.

ಅತ್ತೆಯ ತವರು ಶ್ರೀನಿವಾಸಪುರದ ಕಡೆ. ಅರ್ಧ ಮಾತು ತೆಲುಗು, ಅರ್ಧ ಕನ್ನಡ. ಬೈಗುಳ ಪೂರ್ತಿ ತೆಲುಗು. ನನಗೂ ಅವರಿಗೂ ದಿನಕ್ಕೊಂದು ಜಗಳ ಆಗದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದು ಯಾರು, ಹಾಕದೆ ಬಿಟ್ಟದ್ದು ಯಾರು, ಹೀಗೆ. ಆದರೆ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಹಾಡುವುದಕ್ಕೆ ಕರೆಯುತ್ತಿದ್ದದ್ದು ಅತ್ತೆಯನ್ನೇ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಆಮೇಲೆ ಗಂಡು ಹೆಣ್ಣನ್ನು ಎದುರುಬದುರು ಕೂರಿಸಿ ಅರಿಸಿನ ಹಚ್ಚಿಸಿ ರೇಗಿಸುವ ಉರುಟಣೆ ಹಾಡು. ಮೈಕ್ ಬೇಕಾಗಿರಲಿಲ್ಲ. ಛತ್ರದ ಹಿಂದಿನ ಅಡುಗೆಯವರೂ ಸೌಟು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ನನ್ನ ಗಂಡ ಕೋಲಾರದಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಮನೆ. ನನ್ನ ನಾದಿನಿ ಶ್ರೀನಿವಾಸಪುರದ ಒಂದು ಶಾಲೆಯಲ್ಲಿ ಟೀಚರ್, ಅವಳೂ ಹಾಗೆಯೇ. ಹಗಲೆಲ್ಲ ಮನೆಯಲ್ಲಿರುತ್ತಿದ್ದದ್ದು ನಾವು ಮೂವರು, ಮತ್ತೆ ನನ್ನ ಕಂಪ್ಯೂಟರು.

ಮಾವನವರಿಗೆ ಕಂಪ್ಯೂಟರ್ ಬೇಕೇ ಬೇಕಾಯಿತು, ಕಣ್ಣು ಮಂಜಾದಾಗ. ಪಂಚಾಂಗದ ಸಣ್ಣ ಅಂಕಿಗಳು ಕಾಣದೆ, ದೇವರಾಯಸಮುದ್ರದಿಂದ ಬಂದವರ ಮಗುವಿನ ಜಾತಕದಲ್ಲಿ ನಕ್ಷತ್ರವನ್ನೇ ತಪ್ಪು ಬರೆದರು. ಅವರೇ ವಾಪಸು ಬಂದು ಹೇಳಿದರು, ಮರ್ಯಾದೆಯಿಂದಲೇ ಹೇಳಿದರು. ಆದರೂ ಮಾವ ಆ ದಿನ ಊಟಕ್ಕೆ ಏಳಲಿಲ್ಲ. ನನ್ನ ಗಂಡ ಯಾರಿಂದಲೋ ಜಾತಕ ಹಾಕುವ ಒಂದು ಪ್ರೋಗ್ರಾಂ ತಂದರು. ಅದೋ, ಹಳೆಯ ವಿಂಡೋಸಿನಲ್ಲಿ ಮಾತ್ರ ಓಡುವಂಥದ್ದು. ನನ್ನದು ಹೊಸ ವಿಂಡೋಸು. ಹಾಕಿದರೆ ಮುಖ ತಿರುಗಿಸಿಕೊಂಡು ನಿಲ್ಲುತ್ತಿತ್ತು.

ಆಗ ನಾನು ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದಿದ್ದ ಸಿ.ಡಿ.ಯಿಂದ ಈ ವರ್ಚುಯಲ್ ಮೆಷಿನ್ನಿನ ವಿದ್ಯೆ ಕಲಿತೆ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್. ಹೊರಗಡೆಯದು ಹೊಸದು, ಒಳಗಡೆಯದು ಹಳೆಯದು. ಒಳಗಿನದಕ್ಕೆ ತಾನು ಒಳಗಿದ್ದೇನೆಂದು ಗೊತ್ತೇ ಇರುವುದಿಲ್ಲ. ತಾನೇ ಒಂದು ಪೂರ್ತಿ ಕಂಪ್ಯೂಟರ್ ಅಂದುಕೊಂಡು ಕೆಲಸ ಮಾಡುತ್ತದೆ. ಅತ್ತೆಗೆ ಹೀಗೆ ವಿವರಿಸಿದರೆ, "ಹಂಗಾದ್ರೆ ನಿನ್ ಕಂಪ್ಯೂಟ್ರು ಬಸುರಿ ಅನ್ನು!" ಎಂದರು. ಅಂದಿನಿಂದ ಮನೆಯಲ್ಲಿ ಅದಕ್ಕೆ ಬಸುರಿ ಎಂದೇ ಹೆಸರು.

ಜಾತಕ ಸರಿಯಾಗಿ ಬಂತು. ಮಾವ ಮಾತ್ರ ಕೂರಲು ಒಪ್ಪಲಿಲ್ಲ. "ಮಡಿಯಲ್ಲಿ ಮಾಡೋ ಕೆಲಸ ಕಣಮ್ಮ ಅದು. ಯಾರ್ ಯಾರೋ ಏನೇನೋ ತಂದು ಚುಚ್ಚುತಾರೆ ಅದಕ್ಕೆ. ಅದರಲ್ಲಿ ಕೂತು ನಕ್ಷತ್ರ ನೋಡೋದಾ?" ಎಂದರು. ಅವರ ಮಾತಿನಲ್ಲಿ ಒಂದಿಷ್ಟು ನಿಜವೂ ಇತ್ತು. ಊರವರು ತರುತ್ತಿದ್ದ ಪೆನ್ ಡ್ರೈವುಗಳಲ್ಲಿ ಇಲ್ಲದ ವೈರಸ್ಸೇ ಇರಲಿಲ್ಲ.

ಈ ಒಳಗಿನ ಕಂಪ್ಯೂಟರಿನಲ್ಲಿ ಒಂದು ಅನುಕೂಲವಿದೆ. ಎಲ್ಲ ಚೆನ್ನಾಗಿರುವ ಹೊತ್ತಿನಲ್ಲಿ ಅದರದೊಂದು ಸ್ನ್ಯಾಪ್‌ಶಾಟ್ ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ಏನೇ ಕೆಟ್ಟರೂ ಒಂದು ಗುಂಡಿ ಒತ್ತಿದರೆ ಸಾಕು, ಹಿಡಿದಿಟ್ಟ ಹೊತ್ತಿನಲ್ಲಿ ಹೇಗಿತ್ತೋ ಹಾಗೆ ವಾಪಸು ಬಂದು ನಿಲ್ಲುತ್ತದೆ. ನಡುವೆ ನಡೆದದ್ದೆಲ್ಲ ಅಳಿಸಿಹೋಗುತ್ತದೆ. ನಾನು ಮಾವನವರಿಗೆ ಹೇಳಿದೆ. "ಮಾವ, ಇದಕ್ಕೂ ಸ್ನಾನ ಇದೆ. ಈ ಗುಂಡಿ ಒತ್ತಿ, ಮಿಂದು ಮಡಿಯಾಗಿ ಬರುತ್ತೆ." ಮಾವ ನನ್ನನ್ನೇ ನೋಡಿದರು. ತಮಾಷೆ ಮಾಡುತ್ತಿದ್ದೇನೋ ಎಂದು ಅನುಮಾನ. "ಯಾವ ಮೈಲಿಗೇನೂ ಉಳಿಯೋದಿಲ್ವೋ?" ಎಂದು ಕೇಳಿದರು. "ಒಂಚೂರೂ ಉಳಿಯೋದಿಲ್ಲ" ಎಂದೆ.

ಅಲ್ಲಿಗೆ ಆಯಿತು. ಬೆಳಿಗ್ಗೆ ತಾವು ಮಿಂದು, ಪೂಜೆ ಮುಗಿಸಿ, ಒದ್ದೆ ಶಿಖೆಯಲ್ಲೇ ಬಂದು ಕೂತು ಮೊದಲು ಆ ಗುಂಡಿ ಒತ್ತುವರು. ಅದು ಹಿಂದಕ್ಕೆ ಹೋಗಿ ಬರುವಷ್ಟು ಹೊತ್ತು ಕಣ್ಣು ಮುಚ್ಚಿಕೊಂಡು ಏನೋ ಹೇಳಿಕೊಳ್ಳುವರು. ಆಮೇಲೆ ಜಾತಕ. ಹಾಕಿದ ಜಾತಕವನ್ನು ಆಗಲೇ ಪ್ರಿಂಟ್ ತೆಗೆಯುತ್ತಿದ್ದರಿಂದ ಒಳಗೆ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಯಾರಾದರೂ ಕಾದಿದ್ದರೆ ಒಳಗಿನಿಂದಲೇ, "ಇರಪ್ಪ, ಸ್ನಾನ ಆಗ್ತಾ ಇದೆ" ಎನ್ನುವರು. ಬಂದವರು ಸ್ವಾಮಿಗಳೇ ಇನ್ನೂ ಬಚ್ಚಲಲ್ಲಿದ್ದಾರೆಂದುಕೊಂಡು ಜಗುಲಿಯಲ್ಲಿ ಕೂರುತ್ತಿದ್ದರು. ಅತ್ತೆಯೂ ನಾನೂ ಅಡುಗೆಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಈಗ ಅದನ್ನು ನೆನೆದರೆ ನಗು ಬರುವುದಿಲ್ಲ.

ಅತ್ತೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಕಾಲು ಊದಿಕೊಂಡವು. ಕೋಲಾರಕ್ಕೆ ಕರೆದುಕೊಂಡು ಹೋಗಿ ತೋರಿಸಿದರೆ ಹೃದಯ ದೊಡ್ಡದಾಗಿದೆ ಎಂದರು. ಬಸ್ಸಿನಲ್ಲಿ ಬರುವಾಗ ಅತ್ತೆ ನನ್ನ ಕಿವಿಯ ಹತ್ತಿರ, "ನಂದು ದೊಡ್ಡ ಹೃದಯ ಅಂತ ಡಾಕ್ಟ್ರೇ ಹೇಳಿದ್ರು ನೋಡು, ನೀನು ಒಂದ್ ದಿನಾನೂ ಒಪ್ಪಲಿಲ್ಲ" ಎಂದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ಬೇರೆ ಕರೆದು ಹೇಳಿದ್ದು ಅಷ್ಟೇ ಆಗಿರಲಿಲ್ಲ.

ಅತ್ತೆಗೆ ಹೇಳದಿದ್ದರೂ ಗೊತ್ತಾಗಿತ್ತು. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಕೂತು, "ನಿನ್ನ ಬಸುರಿಯೊಳಗೆ ಹಾಡು ಹಿಡಿದಿಡೋಕಾಗುತ್ತೇನೇ?" ಎಂದು ಕೇಳಿದರು. "ಮಗಳ ಮದುವೆ ಹೊತ್ತಿಗೆ ನಾನಿರ್ತೀನೋ ಇಲ್ವೋ. ಊರಲ್ಲಿ ಕಂಡಕಂಡವರ ಮದುವೇಲಿ ಹಾಡಿದೀನಿ. ನನ್ನ ಮಗಳ ಹಸೆ ಮುಂದೆ ಯಾರೋ ಬಂದು ಕಿರುಚೋದು ಬೇಡ ಕಣೇ. ನನ್ನ ದನೀನೇ ಇರ್ಲಿ."

ಬಜಾರಿನಲ್ಲಿ ಮೈಕ್ ತಂದೆ. ಅದರ ಜೊತೆ ಬಂದಿದ್ದ ರೆಕಾರ್ಡಿಂಗ್ ಪ್ರೋಗ್ರಾಂ ಕೂಡ ಹಳೆಯ ವಿಂಡೋಸಿನದೇ. ಹೊಸದರಲ್ಲಿ ಹಾಕಿದರೆ ಬರೀ ಗೊರಗೊರ. ಮಾವನವರ ಒಳಗಿನ ಕಂಪ್ಯೂಟರಿನಲ್ಲಿ ಇಡುವಂತಿರಲಿಲ್ಲ. ದಿನಾ ಸ್ನಾನವಾಗುತ್ತದಲ್ಲ, ಹಾಡೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಅತ್ತೆಗೆಂದೇ ಇನ್ನೊಂದು ಮಾಡಿ, ಮಾವನವರದರ ಪಕ್ಕದಲ್ಲೇ ಅತ್ತೆ ಎಂದು ಹೆಸರು ಹಾಕಿಟ್ಟೆ. "ಅವಳಿ ಜವಳಿ ಆಯ್ತು ಬಿಡು" ಎಂದರು ಅತ್ತೆ. ರೆಕಾರ್ಡಿಂಗ್ ಪ್ರೋಗ್ರಾಂ ಹಾಕಿ, ಮೈಕ್ ಸರಿಯಾಗಿ ಕೇಳಿಸುತ್ತದೆಯೇ ಎಂದು ನೋಡಿ, ಎಲ್ಲ ಸರಿಯಿದೆ ಎಂದಾದ ಮೇಲೆ ಅಭ್ಯಾಸಬಲದಿಂದ ಅದರದೂ ಒಂದು ಸ್ನ್ಯಾಪ್‌ಶಾಟ್ ಹಿಡಿದಿಟ್ಟೆ.

ಹಾಡುವ ದಿನ ಅತ್ತೆ ತಲೆ ಬಾಚಿ, ಕುಂಕುಮ ತಿದ್ದಿಕೊಂಡು ಬಂದು ನೆಟ್ಟಗೆ ಕೂರುತ್ತಿದ್ದರು. "ಅತ್ತೆ, ಇದು ಫೋಟೋ ಅಲ್ಲ" ಎಂದರೆ, "ಗೊತ್ತು ಕಣೇ. ಆದ್ರೂ ಮದುವೆ ಹಾಡಲ್ವಾ?" ಎನ್ನುವರು. ಫ್ಯಾನ್ ಆರಿಸಿ, ಬೀದಿಯ ಆಟೋ ಸದ್ದಿಗೆ ಕಿಟಕಿ ಹಾಕಿ, ಬೆವರಿಕೊಂಡು ಕೂರುತ್ತಿದ್ದೆವು. ಮಾವನವರನ್ನು ಅತ್ತೆ ಯಾವುದಾದರೂ ನೆಪ ಹೇಳಿ ದೇವಸ್ಥಾನಕ್ಕೆ ಓಡಿಸುತ್ತಿದ್ದರು. ಒಂದು ಸಾಲು ಹಾಡಿ ಉಸಿರಿಗೆ ನಿಲ್ಲುವರು. ನಾನು ಆ ಉಸಿರಿನ ಜಾಗವನ್ನು ಕತ್ತರಿಸಿ ಜೋಡಿಸುತ್ತಿದ್ದೆ. ಕೇಳಿದರೆ ಛತ್ರದಲ್ಲಿ ಹಾಡುತ್ತಿದ್ದ ಅದೇ ಅತ್ತೆ.

ಓಡಿಸಿದ್ದು ಯಾಕೆಂದು ನನಗೆ ಗೊತ್ತಾದದ್ದು ಉರುಟಣೆ ಹಾಡಿನ ದಿನ. ಆ ಹಾಡುಗಳಲ್ಲಿ ಗಂಡಿನ ಹೆಸರು ಬರಬೇಕಾದ ಜಾಗ ಇರುತ್ತದೆ. ಯಾರ ಮದುವೆಯೋ ಅವರ ಹೆಸರು ಸೇರಿಸಿ ಹಾಡುತ್ತಾರೆ. ಅತ್ತೆ ಹಾಡುತ್ತಾ ಹಾಡುತ್ತಾ ಆ ಜಾಗಕ್ಕೆ ಬಂದು, ಸ್ವಲ್ಪವೂ ತಡವರಿಸದೆ, ಮಾವನವರ ಹೆಸರು ಹಾಡಿಬಿಟ್ಟರು. ನನ್ನ ಕೈ ಹಾಗೆಯೇ ನಿಂತಿತು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ಪದ್ಧತಿಯಿಲ್ಲ. ವೋಟಿನ ಪಟ್ಟಿಯವರು ಬಂದು ಕೇಳಿದಾಗಲೂ ಅತ್ತೆ ನನ್ನನ್ನು ಕರೆಯುವರು. ನಾನೋ, ಮಾವನ ಹೆಸರು ಬಾಯಲ್ಲಿ ಹೇಳಬಾರದ ಸೊಸೆ. ಇಬ್ಬರೂ ಮುಖ ಮುಖ ನೋಡಿಕೊಂಡು, ಕೊನೆಗೆ ಬಾಗಿಲ ಮೇಲಿನ ಬೋರ್ಡು ತೋರಿಸಿ ಕಳಿಸುತ್ತಿದ್ದೆವು. ಅಂಥ ಅತ್ತೆ!

"ಏನತ್ತೆ ಇದು!" ಎಂದೆ.

"ಇನ್ನೇನ್ ಮಾಡ್ಲೇ? ಅವಳ ಗಂಡ ಯಾರಾಗ್ತಾನೋ ಇನ್ನೂ ಗೊತ್ತಿಲ್ಲ. ಜಾಗ ಖಾಲಿ ಬಿಟ್ರೆ ಹಾಡು ಕುಂಟುತ್ತೆ. ನಂಗೆ ಗೊತ್ತಿರೋ ಗಂಡನ ಹೆಸರು ಅದೊಂದೇ" ಎಂದರು. ಮುಖ ಕೆಂಪಾಗಿತ್ತು. ಆಮೇಲೆ ನನ್ನ ತೊಡೆಗೊಂದು ಚಿವುಟಿ, "ಅವರಿಗೆ ಈಗ್ಲೇ ಊದಬೇಡ. ಮಂಟಪದಲ್ಲಿ ಎಲ್ಲರ ಮುಂದೆ ಕೇಳ್ಲಿ. ನಾನಿಲ್ದೆ ಇದ್ರೂ ನೀನು ಅವರ ಮುಖ ನೋಡಿ ಇಟ್ಕೋ" ಎಂದರು.

ಆ ಹೆಸರಿನಿಂದಾಗಿಯೇ ಅವರು ಹಾಡನ್ನು ಹೊರಗಿನ ಅಂಗಡಿಯಲ್ಲಿ ಸಿ.ಡಿ.ಗೆ ಹಾಕಿಸಲು ಬಿಡಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಸಿ.ಡಿ. ಬರೆಯುವ ಸೌಕರ್ಯ ಇರಲಿಲ್ಲ. "ಅಂಗಡಿಯವನು ಕೇಳಿ ಊರೆಲ್ಲ ನಗಾಡ್ತಾನೆ" ಎಂದರು. ಜೊತೆಗೆ ಎಷ್ಟು ಹಾಡಿದರೂ ಅವರಿಗೆ ಸಮಾಧಾನವಿಲ್ಲ. ಇಲ್ಲಿ ಕೆಮ್ಮು ಬಂತು, ಅಲ್ಲಿ ಎಳೆದದ್ದು ಸಾಲದು, ನಾಳೆ ಇನ್ನೊಂದು ಸಲ ಹಾಡುತ್ತೇನೆ ಎನ್ನುವರು.

"ಅಲ್ವೇ, ಈ ಬಸುರಿ ಸತ್ತುಹೋದ್ರೆ?" ಎಂದು ಒಮ್ಮೆ ಕೇಳಿದರು. ಕೇಳಬೇಕಾದ್ದೇ. ನಾನು ಗತ್ತಿನಿಂದ ಪಕ್ಕದಲ್ಲಿದ್ದ ಕರಿ ಡಬ್ಬಿ ತೋರಿಸಿದೆ. ನನ್ನ ಗಂಡ ಬೆಂಗಳೂರಿನಿಂದ ತಂದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಒಳಗಿನ ಕಂಪ್ಯೂಟರ್ ಒಂದೊಂದೂ ದೊಡ್ಡ ದೊಡ್ಡ ಫೈಲು; ಡಬ್ಬಿಯಲ್ಲಿ ಇಬ್ಬರದೂ ಒಂದೊಂದು ಪ್ರತಿ ಹಿಡಿಸುತ್ತಿತ್ತು, ಅದಕ್ಕಿಂತ ಹೆಚ್ಚಿಗೆ ಜಾಗವಿರಲಿಲ್ಲ. ವಾರಕ್ಕೊಂದು ಸಲ, ನಾನು ಮರೆತರೂ ಅದು ಮರೆಯದಂತೆ, ತಾನೇ ಹಳೆಯ ಪ್ರತಿ ತೆಗೆದು ಹೊಸದು ಹಾಕಿಕೊಳ್ಳುವ ಹಾಗೆ ಮಾಡಿಟ್ಟಿದ್ದೆ. "ಇದು ಬ್ಯಾಕಪ್ ಅತ್ತೆ. ಅದು ಸತ್ರೂ ಇದರೊಳಗೆ ನೀವು ಇರ್ತೀರ."

"ನಂಗೂ ಒಂದ್ ಮಾಡಿಡೇ ಹಂಗಾದ್ರೆ" ಎಂದರು ಅತ್ತೆ, ಕಾಲಿನ ಊತವನ್ನು ನೀವಿಕೊಳ್ಳುತ್ತಾ.

ಅತ್ತೆ ಹೋದದ್ದು ಮಾವಿನ ಕಾಲದಲ್ಲಿ. ತವರಿನಿಂದ ಬಂದ ಬುಟ್ಟಿಯಲ್ಲಿ ಹಣ್ಣನ್ನು ಒತ್ತಿ ಒತ್ತಿ ನೋಡುತ್ತಾ, ಇನ್ನೆರಡು ದಿನಕ್ಕೆ ಇವು ಹಣ್ಣಾಗುತ್ತವೆ ಎಂದು ಹೇಳಿ, ಒಳಗೆ ಹೋಗಿ ಮಲಗಿದರು. ಏಳಲಿಲ್ಲ. ನಾನು ಅಲುಗಾಡಿಸಿದೆ, ಕೂಗಿದೆ, ಬೈದೆ ಕೂಡ. ಆ ಬುಟ್ಟಿಯ ಹಣ್ಣನ್ನು ನಾವು ಯಾರೂ ಮುಟ್ಟಲಿಲ್ಲ. ಪಕ್ಕದ ಮನೆಯವರು ತೆಗೆದುಕೊಂಡು ಹೋದರು.

ಸೂತಕದ ದಿನಗಳಲ್ಲಿ ಮಾವ ಮಾತಾಡಲಿಲ್ಲ. ಅಳಲೂ ಇಲ್ಲ. ಊರಿಗೆಲ್ಲ ಕರ್ಮ ಮಾಡಿಸಿದ ಮನುಷ್ಯ, ತಮ್ಮ ಮನೆಗೆ ಬೇರೆ ಪುರೋಹಿತರು ಬಂದು ಮಂತ್ರ ಹೇಳುವಾಗ ಜಗುಲಿಯ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ಅವರು ಮೈ ಕೊಡವಿಕೊಂಡು ಎದ್ದದ್ದು ಸೂತಕ ಕಳೆದ ಮೇಲಿನ ಶುಭಸ್ವೀಕಾರದ ದಿನ. ಪುಣ್ಯಾಹದ ತಂಬಿಗೆಯನ್ನು ಪುರೋಹಿತರ ಕೈಯಿಂದ ತಾವೇ ತೆಗೆದುಕೊಂಡು ಮನೆಯೆಲ್ಲ ಪ್ರೋಕ್ಷಣೆ ಮಾಡುತ್ತಾ ನಡೆದರು. ಅತ್ತೆಯ ಮಂಚ, ಅತ್ತೆಯ ಸೀರೆ ಪೆಟ್ಟಿಗೆ, ಹೊಸಿಲು, ಒಲೆ. ನಾನು ಹಿತ್ತಲಲ್ಲಿ ಅಡುಗೆಯವರ ಜೊತೆ ಇದ್ದೆ. ಕಂಪ್ಯೂಟರ್ ಕೋಣೆಗೆ ಅವರು ಹೋಗಿದ್ದನ್ನು ನೋಡಲಿಲ್ಲ.

ಕೆಲವು ದಿನ ಕಳೆದು ನೆಂಟರೆಲ್ಲ ಹೊರಟ ಮೇಲೆ ನಾದಿನಿ ನನ್ನ ಹತ್ತಿರ ಬಂದಳು. ಕಣ್ಣು ಊದಿತ್ತು. "ಅತ್ತಿಗೆ, ಅಮ್ಮನ ಹಾಡು ಒಂದ್ಸಲ ಹಾಕಿ. ಒಂದೇ ಒಂದು" ಎಂದಳು. ಇಬ್ಬರೂ ಕೂತೆವು. ಅತ್ತೆಯ ಒಳಗಿನ ಕಂಪ್ಯೂಟರನ್ನು ಚಾಲೂ ಮಾಡಿದೆ. ಹಾಡಿನ ಫೋಲ್ಡರ್ ಎಲ್ಲಿ? ಇಲ್ಲ. ಇನ್ನೊಂದು ಕಡೆ ನೋಡಿದೆ. ಅಲ್ಲೂ ಇಲ್ಲ. ರೆಕಾರ್ಡಿಂಗ್ ಪ್ರೋಗ್ರಾಂ ತೆರೆದರೆ ಅದು ಯಾವತ್ತೂ ಹಾಡನ್ನೇ ಕೇಳಿಲ್ಲ ಎನ್ನುವ ಹಾಗೆ ಬೋಳಾಗಿ ನಿಂತಿತ್ತು. ಆದರೂ, "ಗಾಬರಿ ಮಾಡ್ಕೋಬೇಡ, ಬ್ಯಾಕಪ್ ಇದೆ" ಎಂದು ಕರಿ ಡಬ್ಬಿ ಚುಚ್ಚಿದೆ.

ಡಬ್ಬಿಯಲ್ಲಿಯೂ ಅದೇ ಬೋಳು. ವಾರ ತುಂಬಿತ್ತಲ್ಲ. ನಾನು ಹೇಳಿಕೊಟ್ಟಿದ್ದ ಹಾಗೆಯೇ, ಒಂದಿಷ್ಟೂ ತಪ್ಪದೆ, ಹಳೆಯದನ್ನು ತೆಗೆದು ಹೊಸದನ್ನು ಹಾಕಿಕೊಂಡು ಕೂತಿತ್ತು.

ಅಷ್ಟರಲ್ಲಿ ಮಾವ ಬಾಗಿಲಿಗೆ ಬಂದರು. ನಾವು ಏನು ನೋಡುತ್ತಿದ್ದೇವೆಂದು ಅವರಿಗೆ ಅರ್ಥವಾಯಿತು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಒಂದು ನೆಮ್ಮದಿ ಕಂಡಿತು. "ಅವಳದ್ದಕ್ಕೂ ಸ್ನಾನ ಆಗಿದೆ ಕಣಮ್ಮ. ನಾನೇ ಮಾಡಿಸಿದೆ, ಶುಭದ ದಿನ. ಅದಕ್ಕೂ ಸೂತಕ ಅಲ್ವಾ? ನೀರು ಹಾಕಿದ್ರೆ ಸುಟ್ಟುಹೋಗುತ್ತೆ ಅಂದಿದ್ದೆಯಲ್ಲ, ಅದಕ್ಕೇ ಗುಂಡಿ ಒತ್ತಿದೆ. ಅವಳ ಸಾಮಾನು ಒಂದೂ ಮೈಲಿಗೇಲಿ ಉಳೀಬಾರದು" ಎಂದರು.

ನಾದಿನಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಎದ್ದು ನಿಂತೆ. ನನ್ನ ಬಾಯಿ ನನ್ನ ಹಿಡಿತದಲ್ಲಿರಲಿಲ್ಲ. "ಎಲ್ಲ ಹೋಯ್ತು ಮಾವ! ಅತ್ತೆ ಉಸಿರು ಕಟ್ಕೊಂಡು ಹಾಡಿದ್ದೆಲ್ಲ ಹೋಯ್ತು! ಇವಳ ಮದುವೆಗೆ ಅಂತ ಹಾಡಿದ್ದು. ಯಾರು ಮುಟ್ಟಿ ಅಂದ್ರು ನಿಮಗೆ? ಅದರಲ್ಲಿ ನಿಮ್ಮ ಹೆಸರಿತ್ತು, ಗೊತ್ತಾ? ಬದುಕಿಡೀ ಹೇಳದೇ ಇದ್ದೋರು, ಹಾಡಿನೊಳಗೆ ನಿಮ್ಮ ಹೆಸರು ಹೇಳಿದ್ರು. ಮಂಟಪದಲ್ಲಿ ನಿಮಗೆ ಕೇಳಿಸ್ಬೇಕು ಅಂತ ಇಟ್ಟಿದ್ರು. ತೊಳೆದುಬಿಟ್ರಲ್ಲ!"

ಬೀದಿಗೆ ಕೇಳುವಷ್ಟು ಜೋರಾಗಿ ಕೂಗಿದೆನಂತೆ. ಎದುರು ಮನೆಯವರು ಬಾಗಿಲಿಗೆ ಬಂದರಂತೆ. ನನಗೆ ನೆನಪಿರುವುದು ಮಾವ ನಿಂತಲ್ಲೇ ಕುಸಿದು ಹೊಸಿಲ ಮೇಲೆ ಕೂತದ್ದು. ಹೊಸಿಲ ಮೇಲೆ ಕೂರಬಾರದು ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದವರು. ಅಲ್ಲಿಂದಲೇ ತಲೆ ಎತ್ತಿ ನನ್ನನ್ನು ನೋಡಿದರು.

"ನನ್ನ ಹೆಸರು ಹೇಳಿದ್ಲಾ?"

"ಹ್ಞೂಂ."

"ಹೆಂಗೆ ಹೇಳಿದ್ಲಮ್ಮ?"

ನಾನು ಬಾಯಿ ತೆರೆದೆ. ಅತ್ತೆ ಆ ಹೆಸರಿನ ನಡುವಿನ ಅಕ್ಷರವನ್ನು ಎಳೆದು, ಕೊನೆಯಲ್ಲಿ ಸ್ವಲ್ಪ ನಕ್ಕು, ಇಳಿಸಿದ್ದು ನನ್ನ ಕಿವಿಯಲ್ಲಿತ್ತು. ಈಗಲೂ ಇದೆ. ಆದರೆ ಮಾವನ ಮುಂದೆ ನಿಂತು ಮಾವನ ಹೆಸರು ಸೊಸೆಯ ಬಾಯಿಂದ ಬರಲಿಲ್ಲ. ಹಾಳಾಗಲಿ ಪದ್ಧತಿ ಎಂದುಕೊಂಡು ಇನ್ನೊಮ್ಮೆ ಪ್ರಯತ್ನಿಸಿದೆ. ನಾಲಿಗೆ ಏಳಲಿಲ್ಲ. ನಾದಿನಿ ಆ ಹಾಡನ್ನು ಕೇಳಿಯೇ ಇರಲಿಲ್ಲ. ನಾನು ಅಳುತ್ತಾ ನಿಂತೆ. ಅವರು ಸ್ವಲ್ಪ ಹೊತ್ತು ಕಾದರು, ಆಮೇಲೆ ಗೋಡೆ ಹಿಡಿದುಕೊಂಡು ಎದ್ದು ಹೊರಗೆ ಹೋದರು.

ನನ್ನ ಗಂಡ ಡಿಸ್ಕುಗಳನ್ನು ಕೋಲಾರದಲ್ಲಿ ತೋರಿಸಿದರು, ಬೆಂಗಳೂರಿನಲ್ಲಿ ತೋರಿಸಿದರು. ಅದರ ಮೇಲೆ ಬೇರೆ ಬರೆದಾಗಿದೆ, ಬರುವುದಿಲ್ಲ ಎಂದರು. ಒಂದು ಕಡೆ ಬರುತ್ತದೆ ಎಂದು ಇಟ್ಟುಕೊಂಡು, ಕೊನೆಗೆ ಅವರೂ ವಾಪಸು ಕೊಟ್ಟರು. ಮಾವ ಅಂದಿನಿಂದ ಕಂಪ್ಯೂಟರ್ ಕೋಣೆಗೆ ಕಾಲಿಡಲಿಲ್ಲ. ಜಾತಕಕ್ಕೆ ಬಂದವರಿಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಿ ಕಳಿಸಿಬಿಡುತ್ತಿದ್ದರು. ನನಗೆ ಅವರ ಮೇಲೆ ಹೊಟ್ಟೆ ಉರಿಯುತ್ತಿತ್ತು. ಅವರು ಊಟಕ್ಕೆ ಕೂತಾಗ ತಟ್ಟೆಯ ಮುಂದೆ ಮುದುರಿ ಕೂರುವುದನ್ನು ಕಂಡರೆ ಕರುಳು ಚುರುಕ್ಕೆನ್ನುತ್ತಿತ್ತು. ಎರಡೂ ಒಟ್ಟೊಟ್ಟಿಗೆ ಆಗುತ್ತಿತ್ತು, ಏನು ಮಾಡಲಿ.

ತಾಯಿ ಹೋದ ವರ್ಷದೊಳಗೆ ಮಗಳ ಮದುವೆ ಮಾಡಿಬಿಡಬೇಕೆಂದು ಹಿರಿಯರು ಹೇಳಿದರು. ಒಳ್ಳೆಯ ಕಡೆಯೇ ಸಿಕ್ಕಿತು. ಹೆಂಡತಿಯಿಲ್ಲದೆ ಮಾವ ಧಾರೆ ಎರೆಯುವಂತಿರಲಿಲ್ಲ. ನಾನೂ ನನ್ನ ಗಂಡನೂ ಕೂತೆವು. ಅತ್ತೆ ಕೂರಬೇಕಾದ ಮಣೆಯ ಮೇಲೆ ನಾನು. ಉರುಟಣೆಯ ಹೊತ್ತಿಗೆ ಗಂಡಿನ ಕಡೆಯ ಹೆಂಗಸರು ಪುಸ್ತಕ ನೋಡಿಕೊಂಡು ಏನೋ ಹಾಡಿದರು. ಚೆನ್ನಾಗಿಯೇ ಹಾಡಿದರು ಪಾಪ, ಅವರದೇನು ತಪ್ಪು. ನಾದಿನಿ ತಲೆ ತಗ್ಗಿಸಿ ಅರಿಸಿನದ ತಟ್ಟೆಯನ್ನೇ ನೋಡುತ್ತಿದ್ದಳು. ಹಾಡಿನಲ್ಲಿ ಗಂಡಿನ ಹೆಸರು ಬಂದಾಗ ಎಲ್ಲರೂ ನಕ್ಕರು. ಅತ್ತೆ ಹೇಳಿದ್ದಂತೆ ನಾನು ಮಾವನ ಮುಖ ನೋಡಿದೆ. ಅವರು ಕಂಬದ ಹಿಂದೆ ಹೋಗಿ ನಿಂತಿದ್ದರು.

ಅದಾದ ಮೇಲೆ ನನ್ನ ಕಂಪ್ಯೂಟರೂ ಮುದಿಯಾಯಿತು. ಚಾಲೂ ಮಾಡಿದರೆ ಕೊರ್ ಕೊರ್ ಎನ್ನುತ್ತಿತ್ತು. ಹೊಸದು ತಂದೆವು. ಹಳೆಯದರಲ್ಲಿದ್ದದ್ದನ್ನೆಲ್ಲ ಕೊನೆಯದಾಗಿ ಬ್ಯಾಕಪ್ ತೆಗೆಯುತ್ತಾ ಕೂತಾಗ ಅತ್ತೆಯ ಒಳಗಿನ ಕಂಪ್ಯೂಟರ್ ಹಾಗೆಯೇ ಬಿದ್ದಿರುವುದು ಕಂಡಿತು. ಆ ದಿನದ ಮೇಲೆ ನಾನು ಅದನ್ನು ತೆರೆದಿರಲಿಲ್ಲ. ಏನಿದೆ ಅದರಲ್ಲಿ, ಬರೀ ಜಾಗ ತಿನ್ನುತ್ತದೆ, ಅಳಿಸಿಬಿಡೋಣ ಎಂದು ಕೈ ಹೋಯಿತು. ಬೆಳಗಿನ ಹೊತ್ತು, ಮನೆಯಲ್ಲಿ ಮಾವ, ನಾನು ಇಬ್ಬರೇ. ಅಳಿಸುವ ಮೊದಲು ಒಂದು ಸಲ ನೋಡೋಣವೆಂದು ತೆರೆದೆ.

ಅಂದು ಹಾಡಿನ ಫೋಲ್ಡರ್ ಹುಡುಕುವ ಗಡಿಬಿಡಿಯಲ್ಲಿ ನಾವು ನೋಡದೇ ಬಿಟ್ಟದ್ದೊಂದಿತ್ತು. ರೆಕಾರ್ಡಿಂಗ್ ಪ್ರೋಗ್ರಾಂ ತನ್ನದೇ ಮೂಲೆಯಲ್ಲಿ ಇಟ್ಟುಕೊಂಡಿದ್ದ ಒಂದು ಚಿಕ್ಕ ಫೈಲು, ಟೆಸ್ಟ್ ಎಂಬ ಹೆಸರಿನದು. ಸ್ನ್ಯಾಪ್‌ಶಾಟ್ ಹಿಡಿಯುವ ಮೊದಲು ಮೈಕ್ ಕೇಳಿಸುತ್ತದೆಯೇ ಎಂದು ನಾನು ನೋಡಿದ್ದೆನಲ್ಲ, ಅದು. ಹಿಂದಕ್ಕೆ ಹೋದಾಗಲೂ ಅದು ಉಳಿದಿತ್ತು. ಆ ಸ್ನ್ಯಾಪ್‌ಶಾಟಿಗಿಂತ ಮೊದಲಿನಿಂದಲೂ ಅಲ್ಲೇ ಇದ್ದದ್ದು. ಸ್ಪೀಕರಿನ ಸದ್ದು ಪೂರ್ತಿ ಏರಿಸಿ ಒತ್ತಿದೆ.

ಮೊದಲು ಕುಕ್ಕರಿನ ವಿಷಲ್ಲು. ಆಮೇಲೆ ನನ್ನದೇ ದನಿ, "ಅತ್ತೆ, ಮೈಕ್ ಹತ್ರ ಏನಾದ್ರೂ ಹೇಳಿ." ಆಮೇಲೆ ಅತ್ತೆ.

"ಏನ್ ಹೇಳೋದೇ ಇದರ ಮುಂದೆ? ಕಡ್ಡಿ ಮುಂದೆ ಮಾತಾಡಿದ ಹಂಗೆ. ಕೇಳಿಸ್ತಿದ್ಯಾ? ಹ್ಞಾ, ಚಾಲು ಚಾಲು, ಸಾಕು ಬಿಡು. ಅಯ್ಯೋ ರಾಮಾ, ಹಾಲಿಟ್ಟಿದೀನಿ! ರೀ... ರೀ! ಹಾಲು ಉಕ್ತಾ ಇದೆ, ಸ್ವಲ್ಪ ಹೋಗಿ ಆರಿಸ್ರೀ!"

ಅಲ್ಲಿಗೆ ಮುಗಿಯಿತು. ಅಷ್ಟು ಹಾಡಿನಲ್ಲಿ, ಹಾಡಿನೊಳಗಿನ ಆ ಹೆಸರಿನಲ್ಲಿ, ಉಳಿದದ್ದು ಎರಡು ಸಲ ರೀ ಎಂದು ಕರೆದದ್ದು. ನಾನು ಮೌಸ್ ಹಿಡಿದುಕೊಂಡೇ ಕೂತುಬಿಟ್ಟೆ.

ನನ್ನ ಬೆನ್ನ ಹಿಂದೆ, ಜಗುಲಿಯಲ್ಲಿ, ಕುರ್ಚಿ ಸರಿದ ಸದ್ದಾಯಿತು. ಮಾವ ಬಂದರು. ಬಂದದ್ದು ನನ್ನ ಕೋಣೆಗಲ್ಲ. ಪಂಚೆಯ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು, ಆ ವಯಸ್ಸಿನಲ್ಲಿ ಆಗುವಷ್ಟು ಬೇಗ ಬೇಗ, ನಡುಮನೆ ದಾಟಿ ಅಡುಗೆಮನೆಗೆ ಹೋದರು. ನಾನು ಎದ್ದು ಹಿಂದೆಯೇ ಹೋದೆ. ಒಲೆಯ ಮೇಲೆ ಪಾತ್ರೆಯೇ ಇರಲಿಲ್ಲ. ಮಾವ ಗ್ಯಾಸಿನ ತಿರುಪಿನ ಮೇಲೆ ಕೈಯಿಟ್ಟುಕೊಂಡು, ಬರಿದಾದ ಒಲೆಯನ್ನು ನೋಡುತ್ತಾ ನಿಂತಿದ್ದರು. ಭುಜ ಅಲುಗುತ್ತಿತ್ತು. ನನ್ನ ಹೆಜ್ಜೆಯ ಸದ್ದು ಕೇಳಿಸಿರಬೇಕು. ತಿರುಗಲಿಲ್ಲ.

"ಇನ್ನೊಂದ್ಸಲ ಕರೆಸಮ್ಮ" ಎಂದರು.

ನಾನು ಕೋಣೆಗೆ ಹೋಗಿ ಅತ್ತೆಯ ಕೈಲಿ ಇನ್ನೊಂದು ಸಲ ಕರೆಸಿದೆ.